ಮಕ್ಕಳಿಗೆ ಆಂಟಿಬಯೋಟಿಕ್ ಬಳಕೆ: ವಿದ್ಯಾರ್ಥಿಗಳಿಗೆ ಸಂಶೋಧನಾ ಅವಕಾಶಗಳು – ಉಸಗಾಂವದಿಂದ ಒಂದು ನೋಟ

ಉಸಗಾಂವ: ಬೆಳಗಾವಿ ಕಡೆಯಿಂದ ಅನಮೋಡ ಘಾಟ್ ಇಳಿದು ಪಣಜಿಗೆ ಹೋಗುವ ಹೆದ್ದಾರಿಯಲ್ಲಿ, ಫೋಂಡಾ ಪಟ್ಟಣಕ್ಕೆ ಮೊದಲು ಸಿಗುವ ಊರು ಉಸಗಾಂವ. ಎಂಆರ್‌ಎಫ್ ಟಯರ್ ಕಾರ್ಖಾನೆಯಿಂದ ಹೆಸರಾದ ಈ ಭಾಗದಲ್ಲಿ ಕೆಲಸ ಹುಡುಕಿಕೊಂಡು ಬಂದು ನೆಲೆಸಿದ ಉತ್ತರ ಕರ್ನಾಟಕದ ಕುಟುಂಬಗಳು ಸಾಕಷ್ಟಿವೆ. ಮಗುವಿಗೆ ಜ್ವರ ಬಂದರೆ ಈ ಕುಟುಂಬಗಳು ಮೊದಲು ಹೋಗುವುದು ಎಲ್ಲಿಗೆ? ಸರ್ಕಾರಿ ಆರೋಗ್ಯ ಕೇಂದ್ರಕ್ಕೋ, ಖಾಸಗಿ ದವಾಖಾನೆಗೋ, ನೇರವಾಗಿ ಮೆಡಿಕಲ್ ಶಾಪಿಗೋ? ಅಲ್ಲಿ ಸಿಕ್ಕ ಸಿರಪ್ಪಿನ ಬಾಟಲಿಯನ್ನು ಮನೆಯಲ್ಲಿ ಹೇಗೆ ಕಲಸುತ್ತಾರೆ, ಎಷ್ಟು ದಿನ ಕುಡಿಸುತ್ತಾರೆ, ಉಳಿದದ್ದನ್ನು ಏನು ಮಾಡುತ್ತಾರೆ?

ಈ ಪ್ರಶ್ನೆಗಳು ಕೇಳಲು ಸರಳ. ಆದರೆ ಒಂದೊಂದು ಊರಿನ ಮಟ್ಟದಲ್ಲಿ ಇವಕ್ಕೆ ಉತ್ತರ ಹುಡುಕುವವರು ಕಡಿಮೆ. ದೊಡ್ಡ ಪ್ರಯೋಗಾಲಯವಾಗಲಿ, ದುಬಾರಿ ಯಂತ್ರವಾಗಲಿ ಬೇಕಿಲ್ಲದ ಈ ಕೆಲಸವನ್ನು ವೈದ್ಯಕೀಯ, ಫಾರ್ಮಸಿ, ನರ್ಸಿಂಗ್ ಓದುತ್ತಿರುವ ವಿದ್ಯಾರ್ಥಿಗಳೇ ಮಾಡಬಹುದು. ಅದಕ್ಕಿರುವ ಯೋಜನೆಗಳು ಯಾವುವು, ಯಾವ ಪ್ರಶ್ನೆ ಹಿಡಿಯಬಹುದು, ಯಾವ ಅನುಮತಿ ಬೇಕು ಎಂಬ ಮಾಹಿತಿಯನ್ನು ಗೋವಾ ಮತ್ತು ಗಡಿ ಜಿಲ್ಲೆಗಳ ಕನ್ನಡ ವಿದ್ಯಾರ್ಥಿಗಳಿಗಾಗಿ ಇಲ್ಲಿ ನೀಡಲಾಗಿದೆ.

ಸಮಸ್ಯೆ ಎಷ್ಟು ದೊಡ್ಡದು?

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ನೇರ ಕಾರಣವಾದ ಸಾವುಗಳು 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಎಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜು ಹೇಳಿತು. 2024ರಲ್ಲಿ ಬಂದ ಮುಂದಿನ ಅಂದಾಜಿನಂತೆ 2021ರ ಸಂಖ್ಯೆ 11.4 ಲಕ್ಷ. ಈ ಎರಡನೇ ವರದಿಯಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. 1990ರಿಂದ 2021ರವರೆಗೆ ಐದು ವರ್ಷದೊಳಗಿನ ಮಕ್ಕಳಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಹೆಚ್ಚು ಇಳಿದಿವೆ. ಸೋಂಕೇ ಕಡಿಮೆಯಾದದ್ದು ಇದಕ್ಕೆ ಕಾರಣ, ಔಷಧಗಳು ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿವೆ ಎಂದಲ್ಲ. ಸೋಂಕು ತಗುಲಿದ ಮಗುವಿಗೆ ಚಿಕಿತ್ಸೆ ಕೊಡುವುದು ಮೊದಲಿಗಿಂತ ಕಷ್ಟವೇ ಆಗಿದೆ.

ನವಜಾತ ಶಿಶುಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 13 ಸಾವಿರಕ್ಕೂ ಹೆಚ್ಚು ಶಿಶುಗಳನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದ ಸೋಂಕಿಗೆ ಕಾರಣವಾದ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಮಾದರಿಗಳಲ್ಲಿ ಶೇ. 82ರಷ್ಟು ಹಲವು ಔಷಧಗಳಿಗೆ ಒಟ್ಟಿಗೇ ಪ್ರತಿರೋಧ ತೋರಿದವು. ಹುಟ್ಟಿ ವಾರ ತುಂಬದ ಕೂಸಿಗೆ ಕೊಡಲು ವೈದ್ಯರ ಕೈಯಲ್ಲಿ ಉಳಿದ ಔಷಧಗಳು ಎಷ್ಟು ಎಂಬುದನ್ನು ಇದರಿಂದ ಊಹಿಸಬಹುದು.

ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೂ ಊರಿನ ಮೆಡಿಕಲ್ ಶಾಪಿಗೂ ಏನು ಸಂಬಂಧ ಎಂದು ಕೇಳಬಹುದು. ಜ್ವರ, ನೆಗಡಿ, ಕೆಮ್ಮು, ನೀರುಭೇದಿ – ಚಿಕ್ಕ ಮಕ್ಕಳ ಈ ಕಾಯಿಲೆಗಳಲ್ಲಿ ಬಹುಪಾಲು ವೈರಸ್‌ನಿಂದ ಬರುವಂಥವು. ಅವುಗಳ ಮೇಲೆ ಆಂಟಿಬಯೋಟಿಕ್‌ಗೆ ಯಾವ ಪರಿಣಾಮವೂ ಇಲ್ಲ. ಕೊಟ್ಟ ಔಷಧ ವೈರಸ್ಸನ್ನು ಮುಟ್ಟದೆ, ಮಗುವಿನ ಕರುಳಿನಲ್ಲಿರುವ ಸಾಧಾರಣ ಬ್ಯಾಕ್ಟೀರಿಯಾಗಳನ್ನು ಕೊಂದು, ಸಾಯದೆ ಉಳಿದವಕ್ಕೆ ಜಾಗ ಬಿಟ್ಟುಕೊಡುತ್ತದೆ. ಅವು ಮನೆಯವರಿಗೆ, ನೆರೆಯವರಿಗೆ, ಚರಂಡಿ ನೀರಿಗೆ ದಾಟುತ್ತವೆ. ಆಸ್ಪತ್ರೆಗೆ ಬರುವ ಗರ್ಭಿಣಿಯ ಮೈಯಲ್ಲಿಯೂ ಅವು ಇರಬಹುದು.

ಮಕ್ಕಳ ಲೆಕ್ಕವೇ ಬೇರೆ

ದೊಡ್ಡವರಿಗಾದರೆ ಒಂದು ಮಾತ್ರೆ ಎಂದರೆ ಒಂದು ಮಾತ್ರೆ. ಮಗುವಿಗೆ ಹಾಗಲ್ಲ. ಪ್ರಮಾಣ ನಿರ್ಧಾರವಾಗುವುದು ತೂಕದ ಮೇಲೆ. ಔಷಧ ಬರುವುದು ಸಾಮಾನ್ಯವಾಗಿ ಡ್ರೈ ಸಿರಪ್ ರೂಪದಲ್ಲಿ, ಅಂದರೆ ಬಾಟಲಿಯಲ್ಲಿ ಪುಡಿ. ಕೆಲವು ಕಂಪನಿಗಳು ಪೊಟ್ಟಣದಲ್ಲೇ ನೀರಿನ ಸಣ್ಣ ಬಾಟಲಿ ಇಟ್ಟಿರುತ್ತವೆ. ಇಲ್ಲದಿದ್ದರೆ ಕಾಯಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ, ಚೆನ್ನಾಗಿ ಅಲುಗಾಡಿಸಿ, ನೊರೆ ಇಳಿದ ಮೇಲೆ ಮತ್ತೆ ಗುರುತಿಗೆ ನೀರು ಕೂಡಿಸಬೇಕು. ಪ್ರತಿ ಸಲ ಕುಡಿಸುವ ಮುನ್ನ ಅಲುಗಾಡಿಸಬೇಕು. ಲೇಬಲ್ಲಿನಲ್ಲಿ ಹೇಳಿದ ದಿನ ಮುಗಿದ ಮೇಲೆ ಉಳಿದದ್ದನ್ನು ಬಳಸಬಾರದು.

ಇಷ್ಟೆಲ್ಲ ಸೂಚನೆ ಲೇಬಲ್ಲಿನ ಮೇಲೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಇರುತ್ತದೆ. ಡಾಕ್ಟರು ಹೇಳುವುದು ಕೊಂಕಣಿಯಲ್ಲಿ ಅಥವಾ ಹಿಂದಿಯಲ್ಲಿ. ಕೇಳಿಸಿಕೊಳ್ಳುವ ತಾಯಿ ಗದಗ, ಕೊಪ್ಪಳ ಅಥವಾ ವಿಜಯಪುರ ಕಡೆಯವಳಾಗಿದ್ದರೆ ಅವಳಿಗೆ ಅರ್ಥವಾಗುವುದು ಎಷ್ಟು? ನೀರು ಹೆಚ್ಚಾದರೆ ಔಷಧ ತೆಳುವಾಗುತ್ತದೆ, ಕಡಿಮೆಯಾದರೆ ಗಟ್ಟಿಯಾಗುತ್ತದೆ, ಅಲುಗಾಡಿಸದಿದ್ದರೆ ಮೊದಲ ದಿನ ನೀರು, ಕೊನೆಯ ದಿನ ಪುಡಿ. ಇನ್ನು ಚಮಚದ ಮಾತು. ‘ಒಂದು ಚಮಚ’ ಎಂದರೆ 5 ಮಿ.ಲೀ. ಎಂದು ಪುಸ್ತಕ ಹೇಳುತ್ತದೆ, ಆದರೆ ನಮ್ಮ ಮನೆಗಳ ಚಹಾ ಚಮಚ, ಉಪ್ಪಿನ ಚಮಚ, ಊಟದ ಚಮಚಗಳನ್ನು ಸಾಲಾಗಿ ಇಟ್ಟು ಅಳೆದರೆ ಒಂದಕ್ಕೊಂದು ಹೊಂದುವುದಿಲ್ಲ. ಅದೇ ಅಮಾಕ್ಸಿಸಿಲಿನ್ ಸಿರಪ್ಪು 5 ಮಿ.ಲೀ.ಗೆ 125 ಮಿ.ಗ್ರಾಂ. ಮತ್ತು 250 ಮಿ.ಗ್ರಾಂ. ಎಂಬ ಎರಡು ಬಗೆಯಲ್ಲಿ ಬರುತ್ತದೆ ಎಂಬುದನ್ನು ಸೇರಿಸಿಕೊಂಡರೆ, ಚೀಟಿಯಲ್ಲಿ ಬರೆದದ್ದಕ್ಕೂ ಮಗುವಿನ ಹೊಟ್ಟೆ ಸೇರಿದ್ದಕ್ಕೂ ಎಷ್ಟು ಅಂತರವಿರಬಹುದು ಎಂದು ಯಾರಾದರೂ ಅಳೆಯಬೇಕಾಗಿದೆ.

ಇದೇ ಉಸಗಾಂವದಂಥ ಊರಿಗೆ ಅತ್ಯಂತ ಹೊಂದುವ ಪ್ರಶ್ನೆ ಎಂದು ಈ ಲೇಖಕನ ಅಭಿಪ್ರಾಯ. ಕನ್ನಡ ಬಲ್ಲ ವಿದ್ಯಾರ್ಥಿಗೆ ಇಲ್ಲಿ ಬೇರೆಯವರಿಗಿಲ್ಲದ ಅನುಕೂಲವಿದೆ. ಅಧ್ಯಯನದ ವಿಧಾನವೂ ಕಷ್ಟದ್ದಲ್ಲ. ತಾಯಂದಿರಿಗೆ ಔಷಧವಿಲ್ಲದ, ನಿರಪಾಯಕಾರಿ ಪುಡಿ ತುಂಬಿದ ಬಾಟಲಿ ಕೊಟ್ಟು, ‘ಮನೆಯಲ್ಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ’ ಎನ್ನುವುದು. ಕಲಸಿದ ಮೇಲೆ ಅಳತೆಯ ಜಾರಿಗೆ ಸುರಿದು ನೋಡುವುದು. ಅವರದೇ ಚಮಚದಲ್ಲಿ ಒಂದು ಪ್ರಮಾಣ ತೆಗೆಯಲು ಹೇಳಿ ಅದನ್ನೂ ಅಳೆಯುವುದು. ಅನಂತರ ಕನ್ನಡದಲ್ಲಿ, ಚಿತ್ರಗಳಿರುವ ಒಂದು ಹಾಳೆ ಕೊಟ್ಟು ವಿವರಿಸಿ, ಕೇಳಿದ್ದನ್ನು ತಾಯಿಯ ಬಾಯಿಂದಲೇ ಮರಳಿ ಹೇಳಿಸಿ, ಒಂದು ವಾರದ ಬಳಿಕ ಇನ್ನೊಮ್ಮೆ ಅಳೆದು ಹೋಲಿಸುವುದು. ಅಳತೆಯ ಜಾರು ಫಾರ್ಮಸಿ ಕಾಲೇಜಿನ ಪ್ರಯೋಗಾಲಯದಲ್ಲೇ ಸಿಗುತ್ತದೆ. ಅಂಥ ಕಾಲೇಜು ಹತ್ತಿರದ ಫರ್ಮಾಗುಡಿಯಲ್ಲೇ ಇದೆ.

ಈಗಾಗಲೇ ನಡೆದ ಕೆಲಸ ಓದಿಕೊಳ್ಳಿ

ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ, ಮೊದಲೇ ಪ್ರಶ್ನಾವಳಿ ಬರೆಯಲು ಕೂರುವುದು. ಅದಕ್ಕೂ ಮೊದಲು ನಮ್ಮ ದೇಶದಲ್ಲೇ ನಡೆದಿರುವ ಕೆಲವು ಅಧ್ಯಯನಗಳನ್ನು ಓದಬೇಕು.

ಬೆಂಗಳೂರಿನ 261 ಔಷಧ ಅಂಗಡಿಗಳಿಗೆ ಗಿರಾಕಿಗಳ ವೇಷದಲ್ಲಿ ಹೋಗಿ ನಡೆಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ದೊಡ್ಡವರ ಗಂಟಲು-ನೆಗಡಿ ತೊಂದರೆ ಮತ್ತು ಮಗುವಿನ ವಾಂತಿಭೇದಿ ಎಂಬ ಎರಡು ಸನ್ನಿವೇಶಗಳನ್ನು ಹೇಳಲಾಗಿತ್ತು. ಚೀಟಿಯಿಲ್ಲದೆ ಆಂಟಿಬಯೋಟಿಕ್ ಸಿಕ್ಕಿದ್ದು 174 ಅಂಗಡಿಗಳಲ್ಲಿ, ಅಂದರೆ ಮೂರರಲ್ಲಿ ಎರಡು ಪಾಲು. ಮಧ್ಯಪ್ರದೇಶದ ಉಜ್ಜಯಿನಿಯಲ್ಲಿ ಮಕ್ಕಳ ಭೇದಿಗೆ ಬರೆದ 843 ಚೀಟಿಗಳನ್ನು ಪರಿಶೀಲಿಸಿದ 2011ರ ಅಧ್ಯಯನದಲ್ಲಿ ಶೇ. 71ರಲ್ಲಿ ಆಂಟಿಬಯೋಟಿಕ್ ಇತ್ತು. ಶಿಫಾರಸಿನಂತೆ ಓಆರ್‌ಎಸ್ ಮತ್ತು ಜಿಂಕ್ ಮಾತ್ರ ಬರೆದ ಚೀಟಿಗಳು ಆರೇ ಆರು. ರಕ್ತಭೇದಿ, ಕಾಲರಾದಂಥ ಕೆಲವು ಸಂದರ್ಭ ಬಿಟ್ಟರೆ ಮಕ್ಕಳ ಭೇದಿಗೆ ಆಂಟಿಬಯೋಟಿಕ್ ಬೇಕಿಲ್ಲ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಎಷ್ಟು ದಿನ ಕೊಡಬೇಕು ಎಂಬ ಪ್ರಶ್ನೆಗೂ ನಮ್ಮವರು ಉತ್ತರ ಹುಡುಕಿದ್ದಾರೆ. ಭಾರತದ ಏಳು ಆಸ್ಪತ್ರೆಗಳಲ್ಲಿ 2 ತಿಂಗಳಿಂದ 59 ತಿಂಗಳವರೆಗಿನ 2,188 ಮಕ್ಕಳ ಮೇಲೆ ನಡೆದು 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಪ್ರಯೋಗ ಅದು. ತೀವ್ರವಲ್ಲದ ನ್ಯುಮೋನಿಯಾಕ್ಕೆ ಮೂರು ದಿನದ ಅಮಾಕ್ಸಿಸಿಲಿನ್‌ನಿಂದ ಶೇ. 89.5, ಐದು ದಿನದ್ದರಿಂದ ಶೇ. 89.9 ಮಕ್ಕಳು ಗುಣವಾದರು. ಅಂದರೆ ಹೆಚ್ಚಿನ ಎರಡು ದಿನದಿಂದ ಲಾಭವಿರಲಿಲ್ಲ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿಯೂ ಮೂರು ದಿನದ ಚಿಕಿತ್ಸೆ ಏಳು ದಿನದ್ದಕ್ಕಿಂತ ಹಿಂದೆ ಬೀಳಲಿಲ್ಲ. ‘ಕೋರ್ಸ್ ಉದ್ದವಾದಷ್ಟೂ ಒಳ್ಳೆಯದು’ ಎಂದು ನಂಬಿದವರಿಗೆ ಇದು ಅಚ್ಚರಿ ತರಬಹುದು. ಹಾಗೆಂದು ಜ್ವರ ಬಿಟ್ಟ ಕೂಡಲೇ ಮನೆಯವರೇ ಔಷಧ ನಿಲ್ಲಿಸಬಹುದು ಎಂದು ಇದರ ಅರ್ಥವಲ್ಲ. ಎಷ್ಟು ದಿನ ಎಂಬುದನ್ನು ಕಾಯಿಲೆ ನೋಡಿ ವೈದ್ಯರು ನಿರ್ಧರಿಸಬೇಕು. ಟೈಫಾಯಿಡ್‌ನ ಲೆಕ್ಕ ಬೇರೆ, ಕ್ಷಯದ ಲೆಕ್ಕ ಇನ್ನೂ ಬೇರೆ.

ಉಸಗಾಂವಕ್ಕೆ ಹೆದ್ದಾರಿ ನಂಟಿರುವ ಬೆಳಗಾವಿಯ ಹೆಸರು ಈ ಕ್ಷೇತ್ರದಲ್ಲಿ ಜಗತ್ತಿಗೇ ಪರಿಚಿತ. ಅಲ್ಲಿನ ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಾಯಿ-ಮಕ್ಕಳ ಆರೋಗ್ಯ ಸಂಶೋಧನಾ ಘಟಕ ಅಂತಾರಾಷ್ಟ್ರೀಯ ಸಂಶೋಧನಾ ಜಾಲವೊಂದರ ಭಾಗವಾಗಿ ಕೆಲಸ ಮಾಡಿದೆ. ಹೆರಿಗೆ ನೋವಿನ ಸಮಯದಲ್ಲಿ ತಾಯಿಗೆ ಒಂದೇ ಸಲ 2 ಗ್ರಾಂ ಅಜಿತ್ರೋಮೈಸಿನ್ ಕೊಟ್ಟರೆ ಏನಾಗುತ್ತದೆ ಎಂದು ಏಳು ದೇಶಗಳ 29,278 ಮಹಿಳೆಯರಲ್ಲಿ ಪರೀಕ್ಷಿಸಲಾಯಿತು. ಭಾರತದ ಕೇಂದ್ರಗಳು ಬೆಳಗಾವಿ ಮತ್ತು ನಾಗ್ಪುರ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಾಯಂದಿರಲ್ಲಿ ನಂಜು ಅಥವಾ ಸಾವು ಶೇ. 2.4ರಿಂದ 1.6ಕ್ಕೆ ಇಳಿಯಿತು, ಆದರೆ ಶಿಶುಗಳಿಗೆ ಅಂಥ ಲಾಭ ಕಾಣಲಿಲ್ಲ. ಆಂಟಿಬಯೋಟಿಕ್ ಎಂದರೆ ಕೆಟ್ಟದ್ದು ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ಎಂಬುದೇ ಪ್ರಶ್ನೆ. ನ್ಯುಮೋನಿಯಾ ಬಂದ ಮಗುವಿಗೆ ಸಮಯಕ್ಕೆ ಅಮಾಕ್ಸಿಸಿಲಿನ್ ಸಿಗದೇ ಹೋದರೆ ಅದೂ ಜೀವಕ್ಕೆ ಅಪಾಯವೇ.

ವಿದ್ಯಾರ್ಥಿಗಳಿಗೆ ಯಾವ ಬಾಗಿಲುಗಳಿವೆ?

ಎಂಬಿಬಿಎಸ್ ಮತ್ತು ಬಿಡಿಎಸ್ ವಿದ್ಯಾರ್ಥಿಗಳಿಗೆ ಮೊದಲು ಹೇಳಬೇಕಾದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆ. 1979ರಲ್ಲಿ ಆರಂಭವಾದ ಇದು ವಿದ್ಯಾರ್ಥಿ ವಲಯದಲ್ಲಿ ‘ಎಸ್‌ಟಿಎಸ್’ ಎಂದೇ ಪರಿಚಿತ. ತಮ್ಮದೇ ಕಾಲೇಜಿನ ಪೂರ್ಣಾವಧಿ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳಲ್ಲಿ ಮುಗಿಸಬಹುದಾದ ಸಣ್ಣ ಅಧ್ಯಯನ ಇದರ ವ್ಯಾಪ್ತಿ. ಪ್ರಸ್ತಾವನೆ ಆಯ್ಕೆಯಾಗಿ, ಕೆಲಸ ಮುಗಿಸಿ, ಸಲ್ಲಿಸಿದ ವರದಿ ಒಪ್ಪಿಗೆಯಾದ ಮೇಲೆ ವಿದ್ಯಾರ್ಥಿವೇತನ ಮತ್ತು ಪ್ರಮಾಣಪತ್ರ ಸಿಗುತ್ತವೆ. ‘ಎರಡು ತಿಂಗಳಲ್ಲಿ ಮುಗಿಯುವ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಡೀ ತಾಲ್ಲೂಕಿನ ಮಕ್ಕಳನ್ನು ಸಮೀಕ್ಷೆ ಮಾಡುತ್ತೇವೆ ಎಂದು ಬರೆದ ಪ್ರಸ್ತಾವನೆಗಿಂತ, ಒಂದು ಆರೋಗ್ಯ ಕೇಂದ್ರದ ನೂರು ಚೀಟಿಗಳನ್ನು ಸರಿಯಾಗಿ ಪರಿಶೀಲಿಸುವ ಪ್ರಸ್ತಾವನೆ ಮೇಲು. ಬಾಂಬೋಳಿಯಲ್ಲಿರುವ ಗೋವಾ ವೈದ್ಯಕೀಯ ಕಾಲೇಜು 1842ರ ಪೋರ್ಚುಗೀಸ್ ಕಾಲದ ವೈದ್ಯಕೀಯ ಶಾಲೆಯ ಉತ್ತರಾಧಿಕಾರಿ. ಅಲ್ಲಿನ ವಿದ್ಯಾರ್ಥಿಗಳಿಗೆ ಉಸಗಾಂವ ದೂರದ ಊರೇನಲ್ಲ. ಕಾರವಾರ, ಹುಬ್ಬಳ್ಳಿ, ಬೆಳಗಾವಿ ಕಾಲೇಜುಗಳವರು ತಮ್ಮ ಹತ್ತಿರದ ಊರುಗಳಲ್ಲಿ ಇದೇ ಕೆಲಸ ಮಾಡಿ ಗಡಿಯ ಎರಡೂ ಬದಿಯ ಅಂಕಿಗಳನ್ನು ಹೋಲಿಸುವಂತಾದರೆ ಇನ್ನೂ ಒಳ್ಳೆಯದು.

ಎಂಬಿಬಿಎಸ್ ಪಠ್ಯಕ್ರಮದಲ್ಲಿ 2022ರಿಂದ ಸೇರಿರುವ ಕುಟುಂಬ ದತ್ತು ಕಾರ್ಯಕ್ರಮವೂ ಒಂದು ದಾರಿ. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ಆರಿಸಿಕೊಂಡು ಓದಿನ ಅವಧಿಯುದ್ದಕ್ಕೂ ಭೇಟಿ ಕೊಡುತ್ತಿರಬೇಕು ಎಂಬುದು ಇದರ ನಿಯಮ. ಆ ಭೇಟಿಗಳಲ್ಲಿ ಮನೆಯ ಔಷಧದ ಡಬ್ಬಿಯನ್ನು ತೆರೆದು ನೋಡುವುದೇ ಒಂದು ಅಧ್ಯಯನವಾಗಬಲ್ಲದು. ಅರ್ಧ ಉಳಿದ ಸಿರಪ್ ಎಷ್ಟು ಮನೆಗಳಲ್ಲಿದೆ, ಅದು ಯಾರಿಗೆ ಬರೆದದ್ದು, ಅಣ್ಣನಿಗೆ ಬರೆದದ್ದನ್ನು ತಂಗಿಗೆ ಕುಡಿಸಿದ್ದುಂಟೇ ಎಂದು ವಿಚಾರಿಸಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳು ಹೇಗಿದ್ದರೂ ಎಂಡಿ ಪ್ರಬಂಧ ಬರೆಯಲೇಬೇಕು. ಮಕ್ಕಳ ವಿಭಾಗ, ಸೂಕ್ಷ್ಮಾಣುಜೀವಿ ವಿಭಾಗ, ಔಷಧಶಾಸ್ತ್ರ, ಸಮುದಾಯ ವೈದ್ಯಕೀಯ – ನಾಲ್ಕೂ ವಿಭಾಗಗಳಿಗೆ ಈ ವಿಷಯ ಹೊಂದುತ್ತದೆ. ಪ್ರಬಂಧಕ್ಕೆ ಐಸಿಎಂಆರ್ ಧನಸಹಾಯ ನೀಡುವ ಯೋಜನೆಯೂ ಇದೆ.

ಫಾರ್ಮಸಿಯವರಿಗೆ ಈ ಕ್ಷೇತ್ರ ಮನೆಯಂಗಳವಿದ್ದಂತೆ. ದೇಶದಲ್ಲಿ ಫಾರ್ಮ್‌ಡಿ ಕೋರ್ಸ್ 2008ರಲ್ಲಿ ಶುರುವಾಯಿತು. ಅದರ ಐದನೇ ವರ್ಷದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಕುಳಿತು ಮಾಡುವ ಆರು ತಿಂಗಳ ಯೋಜನಾ ಕಾರ್ಯ ಕಡ್ಡಾಯ. ಬಿ.ಫಾರ್ಮ್‌ನ ಕೊನೆಯ ಸೆಮಿಸ್ಟರಿನಲ್ಲಿಯೂ ಯೋಜನಾ ಕಾರ್ಯವಿದೆ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ಆಸ್ಪತ್ರೆಗೆ ಅಂಟಿದ ಫಾರ್ಮಸಿ ಶಿಕ್ಷಣಕ್ಕೆ ದಾರಿ ಮಾಡಿದ ಸಂಸ್ಥೆಗಳಲ್ಲಿ ಒಂದು. ಗೋವಾದಲ್ಲಿ ಪಣಜಿಯ ಗೋವಾ ಫಾರ್ಮಸಿ ಕಾಲೇಜು ಮತ್ತು ಫರ್ಮಾಗುಡಿಯ ಕಾಲೇಜು ಇವೆ. ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲಿಯೂ ಗುಂಪಿನಲ್ಲಿ ಮಾಡುವ ಸಂಶೋಧನಾ ಕಾರ್ಯ ಸೇರಿದೆ. ತಾಯಂದಿರ ಜೊತೆ ಕುಳಿತು ಮಾತಾಡುವ ಅಧ್ಯಯನವನ್ನು ನರ್ಸಿಂಗ್ ವಿದ್ಯಾರ್ಥಿನಿಯರಷ್ಟು ಚೆನ್ನಾಗಿ ಬೇರೆಯವರು ಮಾಡುವುದು ಕಷ್ಟ.

ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುತ್ತ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಕಡೆ ಗಮನ ಕೊಡಬಹುದು. ಪ್ರೌಢಶಾಲೆಯ ಮಕ್ಕಳಿಗೂ ಅವಕಾಶ ಇಲ್ಲದಿಲ್ಲ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ತಮ್ಮ ಊರಿನ ಸಮಸ್ಯೆಯನ್ನೇ ಎತ್ತಿಕೊಂಡು ಮಕ್ಕಳು ಗುಂಪಾಗಿ ಯೋಜನೆ ಮಾಡುತ್ತ ಬಂದಿದ್ದಾರೆ. ಮೊದಲೇ ಹೇಳಿದ ಚಮಚದ ಅಳತೆಯ ಕೆಲಸ ಎಂಟನೇ ತರಗತಿಯವರಿಗೂ ಸಾಧ್ಯ.

ಅರ್ಜಿಯ ಕೊನೆಯ ದಿನ, ವೇತನದ ಮೊತ್ತ, ಅರ್ಹತೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ಸಂಸ್ಥೆಯ ಪ್ರಕಟಣೆಯನ್ನೇ ನೋಡಿಕೊಳ್ಳಬೇಕು. ಹಿರಿಯ ವಿದ್ಯಾರ್ಥಿ ಹೇಳಿದ್ದನ್ನು ನಂಬಿ ಕೂರಬೇಡಿ.

ಯಾವುದನ್ನು, ಹೇಗೆ ಅಳೆಯಬೇಕು?

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಪ್ರಕಟಿಸಿದ ಕೈಪಿಡಿಯ ಸೂಚಕಗಳು ಇಂದಿಗೂ ವಿದ್ಯಾರ್ಥಿಗಳಿಗೆ ಒಳ್ಳೆಯ ಆರಂಭ. ನೂರು ರೋಗಿಗಳಲ್ಲಿ ಎಷ್ಟು ಜನರಿಗೆ ಆಂಟಿಬಯೋಟಿಕ್ ಬರೆಯಲಾಗಿದೆ, ಎಷ್ಟು ಜನರಿಗೆ ಇಂಜೆಕ್ಷನ್, ಒಂದು ಚೀಟಿಗೆ ಸರಾಸರಿ ಎಷ್ಟು ಔಷಧ ಎಂಬಂಥ ಲೆಕ್ಕಗಳವು. ಒಂದೇ ಕೇಂದ್ರವನ್ನು ನೋಡುವುದಾದರೆ ಕನಿಷ್ಠ 100 ಚೀಟಿಗಳು, ಒಂದು ಪ್ರದೇಶವನ್ನು ನೋಡುವುದಾದರೆ 20 ಕೇಂದ್ರಗಳಿಂದ ತಲಾ 30ರಂತೆ 600 ಚೀಟಿಗಳು ಎಂಬುದು ಅದರ ಸಲಹೆ.

ಎರಡನೆಯದು, 2017ರಲ್ಲಿ ಅದೇ ಸಂಸ್ಥೆ ತಂದ ‘ಅವೇರ್’ ವರ್ಗೀಕರಣ. ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಲಾಗಿದೆ. ಸಾಮಾನ್ಯ ಸೋಂಕಿಗೆ ಮೊದಲು ಬಳಸಬೇಕಾದ ಅಮಾಕ್ಸಿಸಿಲಿನ್, ಜೆಂಟಮೈಸಿನ್ ಮುಂತಾದವು ‘ಆಕ್ಸೆಸ್’ ಗುಂಪು. ಎಚ್ಚರದಿಂದ ಬಳಸಬೇಕಾದ ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ‘ವಾಚ್’ ಗುಂಪು. ಬೇರೆ ದಾರಿಯೇ ಇಲ್ಲದಾಗ ಮಾತ್ರ ತೆಗೆಯಬೇಕಾದ ಕೊಲಿಸ್ಟಿನ್, ಲಿನೆಜೋಲಿಡ್ ‘ರಿಸರ್ವ್’ ಗುಂಪು. 2024ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳು ಒಪ್ಪಿದ ಗುರಿಯಂತೆ 2030ರ ಹೊತ್ತಿಗೆ ಜಗತ್ತಿನ ಆಂಟಿಬಯೋಟಿಕ್ ಬಳಕೆಯಲ್ಲಿ ಕನಿಷ್ಠ ಶೇ. 70 ಮೊದಲ ಗುಂಪಿನದ್ದಾಗಿರಬೇಕು. ಭಾರತದ ಖಾಸಗಿ ಮಾರುಕಟ್ಟೆಯಲ್ಲಿ 2019ರಲ್ಲಿ ಆ ಗುಂಪಿನ ಪಾಲು ಕೇವಲ ಶೇ. 27, ‘ವಾಚ್’ ಗುಂಪಿನದು ಶೇ. 54.9 ಎಂದು 2022ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿದೆ. ನಿಮ್ಮ ಊರಿನ ಮಕ್ಕಳ ಚೀಟಿಗಳಲ್ಲಿ ಈ ಅನುಪಾತ ಎಷ್ಟು ಎಂದು ಹೇಳಬಲ್ಲ ವಿದ್ಯಾರ್ಥಿ ಆ ಊರಿನ ವೈದ್ಯರಿಗೆ ನಿಜವಾಗಿ ಉಪಯೋಗದ ಸಂಗತಿಯನ್ನು ಹೇಳಿದಂತೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ದೊಡ್ಡವರ ಔಷಧ ಬಳಕೆಯನ್ನು ‘ನಿಗದಿತ ದೈನಿಕ ಪ್ರಮಾಣ’ ಎಂಬ ಅಳತೆಯಲ್ಲಿ ಲೆಕ್ಕ ಹಾಕುವುದು ವಾಡಿಕೆ. ಅದು 70 ಕಿಲೋ ತೂಕದ ವಯಸ್ಕರನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಳತೆ. ಐದು ಕಿಲೋದ ಕೂಸಿಗೂ ಹದಿನೈದು ಕಿಲೋದ ಮಗುವಿಗೂ ಅದು ಹೊಂದುವುದಿಲ್ಲ. ಆದ್ದರಿಂದ ಮಕ್ಕಳ ಅಧ್ಯಯನದಲ್ಲಿ ಚಿಕಿತ್ಸೆ ಕೊಟ್ಟ ದಿನಗಳನ್ನು ಎಣಿಸುವುದು, ಇಲ್ಲವೇ ಆಂಟಿಬಯೋಟಿಕ್ ಪಡೆದ ಮಕ್ಕಳ ಶೇಕಡಾವಾರು ಹಾಗೂ ಗುಂಪುಗಳ ಅನುಪಾತ ನೋಡುವುದು ಸೂಕ್ತ. ಪ್ರಬಂಧ ಪರೀಕ್ಷಕರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು!

ಮಾದರಿ ಎಷ್ಟಿರಬೇಕು ಎಂಬ ಪ್ರಶ್ನೆಗೆ ಒಂದು ಸ್ಥೂಲ ಲೆಕ್ಕ ಹೀಗಿದೆ. ಅರ್ಧದಷ್ಟು ಮಕ್ಕಳಿಗೆ ಆಂಟಿಬಯೋಟಿಕ್ ಸಿಗುತ್ತಿರಬಹುದು ಎಂದು ಊಹಿಸಿ, ಹತ್ತು ಶೇಕಡಾ ಅಂಶ ಹೆಚ್ಚು-ಕಡಿಮೆಯ ನಿಖರತೆ ಸಾಕೆಂದರೆ 96 ಮಕ್ಕಳು ಬೇಕು. ಐದು ಶೇಕಡಾ ಅಂಶದ ನಿಖರತೆ ಬೇಕೆಂದರೆ ಸಂಖ್ಯೆ 384ಕ್ಕೆ ಏರುತ್ತದೆ. ಎರಡು ತಿಂಗಳಲ್ಲಿ ಯಾವುದು ಸಾಧ್ಯ ಎಂದು ನೀವೇ ತೂಗಿ ನೋಡಿ.

ಇನ್ನೂ ಕೆಲವು ಪ್ರಶ್ನೆಗಳು

ಮಗುವಿನ ಕೆಮ್ಮು ನ್ಯುಮೋನಿಯಾ ಹೌದೋ ಅಲ್ಲವೋ ಎಂದು ತಿಳಿಯಲು ಆರೋಗ್ಯ ಕೇಂದ್ರಗಳಲ್ಲಿ ಬಳಸಬೇಕಾದ ಸರಳ ಕ್ರಮ ಉಸಿರು ಎಣಿಸುವುದು. ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿನವರಿಗೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚಾದರೆ ಅದು ವೇಗದ ಉಸಿರಾಟ. ಚೀಟಿಯಲ್ಲಿ ಅಥವಾ ದಾಖಲೆಯಲ್ಲಿ ಈ ಸಂಖ್ಯೆ ಬರೆದಿರುವುದು ಎಷ್ಟು ಸಲ? ಉಸಿರು ಎಣಿಸಿದ ಮಕ್ಕಳಿಗೂ ಎಣಿಸದ ಮಕ್ಕಳಿಗೂ ಬರೆದ ಔಷಧದಲ್ಲಿ ವ್ಯತ್ಯಾಸವಿದೆಯೇ? ಸಾಲುಗಟ್ಟಿ ನಿಂತ ರೋಗಿಗಳ ನಡುವೆ ಒಂದು ನಿಮಿಷ ಎಂಬುದು ವೈದ್ಯರಿಗೆ ದೊಡ್ಡ ಸಮಯ ಎಂಬುದನ್ನು ಮರೆಯದೆ ಈ ಪ್ರಶ್ನೆ ಕೇಳಬೇಕು.

ಔಷಧ ಅಂಗಡಿಗಳ ವಿಷಯಕ್ಕೆ ಬಂದರೆ, 2014ರ ಮಾರ್ಚ್ 1ರಿಂದ ಜಾರಿಯಾದ ‘ಶೆಡ್ಯೂಲ್ ಎಚ್-1’ ನಿಯಮದಂತೆ ಸೆಫಿಕ್ಸಿಮ್ ಸೇರಿದಂತೆ ಪಟ್ಟಿಯಲ್ಲಿರುವ ಔಷಧಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಸಹಿತ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಅಂಗಡಿಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಈ ಪುಸ್ತಕದಿಂದ ಏನು ತಿಳಿಯುತ್ತದೆ ಎಂದು ನೋಡಬಹುದು. ಕೇರಳ 2018ರಲ್ಲಿ ರಾಜ್ಯಮಟ್ಟದ ಕಾರ್ಯಯೋಜನೆ ತಂದ ಮೊದಲ ರಾಜ್ಯ. 2024ರಲ್ಲಿ ಅಲ್ಲಿ ಚೀಟಿಯಿಲ್ಲದ ಮಾರಾಟದ ವಿರುದ್ಧ ‘ಆಪರೇಷನ್ ಅಮೃತ್’ ಹೆಸರಿನ ತಪಾಸಣೆ ಆರಂಭವಾಯಿತು. ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗೆ ಗಡಿಯ ಆಚೆ-ಈಚೆಯ ಅಂಗಡಿಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಕೇಂದ್ರ ಸರ್ಕಾರದ ಮೊದಲ ಕಾರ್ಯಯೋಜನೆ 2017ರಲ್ಲಿ ಬಂದಿತ್ತು. 2025-29ರ ಎರಡನೆಯದು 2025ರ ನವೆಂಬರಿನಲ್ಲಿ ಬಿಡುಗಡೆಯಾಗಿದೆ.

ಲಸಿಕೆಯನ್ನೂ ಇದರೊಂದಿಗೆ ಸೇರಿಸಿ ನೋಡಬೇಕು. ಸೋಂಕೇ ಬಾರದಿದ್ದರೆ ಔಷಧದ ಮಾತೇ ಇಲ್ಲ. ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 2017ರಲ್ಲಿ ಕೆಲವು ರಾಜ್ಯಗಳಿಂದ ಆರಂಭವಾಗಿ 2021ರಲ್ಲಿ ದೇಶಾದ್ಯಂತ ವಿಸ್ತರಿಸಿತು. ವರ್ಷದ ಕೆಲವು ತಿಂಗಳು ಊರಿನಲ್ಲಿ, ಕೆಲವು ತಿಂಗಳು ಗೋವಾದಲ್ಲಿ ಕಳೆಯುವ ಕೂಲಿ ಕುಟುಂಬಗಳ ಮಕ್ಕಳಿಗೆ ಮೂರೂ ಸಲ ಈ ಲಸಿಕೆ ಬಿದ್ದಿದೆಯೇ ಎಂದು ಲಸಿಕಾ ಕಾರ್ಡ್ ನೋಡಿ ಹೇಳಬಹುದು.

ಅನುಮತಿ ಇಲ್ಲದೆ ಹೊರಡಬೇಡಿ

ಮಕ್ಕಳ ಕುರಿತ ಯಾವ ಅಧ್ಯಯನವೇ ಆಗಲಿ, ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಕೆಲಸ ಆಮೇಲೆ. ಐಸಿಎಂಆರ್ 2017ರಲ್ಲಿ ಮಕ್ಕಳ ಸಂಶೋಧನೆಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಅದರಂತೆ ತಂದೆ ಅಥವಾ ತಾಯಿಯ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, ಅದಕ್ಕೂ ದೊಡ್ಡ ಮಕ್ಕಳದಾದರೆ ಬರಹದ ಸಮ್ಮತಿ ಬೇಕು. ಒಪ್ಪಿಗೆ ಪತ್ರ ತಾಯಿಗೆ ತಿಳಿಯುವ ಭಾಷೆಯಲ್ಲಿರಬೇಕು. ಉಸಗಾಂವದಲ್ಲಿ ಕೆಲಸ ಮಾಡುವವರು ಕೊಂಕಣಿ, ಮರಾಠಿ, ಹಿಂದಿಯ ಜೊತೆ ಕನ್ನಡದ ಪ್ರತಿಯನ್ನೂ ಸಿದ್ಧಪಡಿಸಲೇಬೇಕು, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು. ಚಿಕಿತ್ಸೆಯನ್ನು ಅಥವಾ ತಿಳಿವಳಿಕೆ ಕಾರ್ಯಕ್ರಮವನ್ನು ಎರಡು ಗುಂಪು ಮಾಡಿ ಪರೀಕ್ಷಿಸುವುದಾದರೆ, 2007ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಲಿನಿಕಲ್ ಪ್ರಯೋಗ ನೋಂದಣಿಯಲ್ಲಿ ಮೊದಲ ವ್ಯಕ್ತಿ ಸೇರುವ ಮುನ್ನವೇ ಹೆಸರು ದಾಖಲಿಸಬೇಕು.

ಗಿರಾಕಿ ವೇಷದ ಅಧ್ಯಯನಕ್ಕೆ ವಿದ್ಯಾರ್ಥಿಗಳು ಬೇಗ ಮನಸೋಲುತ್ತಾರೆ. ಅದರಲ್ಲಿ ಸುಳ್ಳು ಹೇಳುವುದು ಸೇರಿರುವುದರಿಂದ ಸಮಿತಿ ಹೆಚ್ಚು ಪ್ರಶ್ನೆ ಕೇಳುವುದು ಸಹಜ. ಅಂಗಡಿಯ ಹೆಸರು ಎಲ್ಲಿಯೂ ಬರಬಾರದು, ನಿಜವಾದ ಮಗುವನ್ನು ಕರೆದೊಯ್ಯಬಾರದು. ಸಣ್ಣ ಊರಿನಲ್ಲಿ ನಾಲ್ಕೈದೇ ಅಂಗಡಿಗಳಿದ್ದರೆ ಹೆಸರು ಬರೆಯದಿದ್ದರೂ ಯಾರೆಂದು ಗೊತ್ತಾಗುತ್ತದೆ. ಅಂಥಲ್ಲಿ ಈ ವಿಧಾನವನ್ನು ಬಿಟ್ಟು ಅಂಗಡಿಯವರ ಜೊತೆ ನೇರವಾಗಿ ಮಾತಾಡುವುದೇ ಲೇಸು. ಗಿರಾಕಿ ಬೇಡಿದ್ದನ್ನು ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಅವರ ಕಷ್ಟವೂ ದಾಖಲಾಗಲಿ. ಅದೇ ರೀತಿ, ದಿನಗೂಲಿ ಬಿಟ್ಟು ಎರಡನೇ ಸಲ ದವಾಖಾನೆಗೆ ಬರಲಾಗದ ತಂದೆ ‘ಗಟ್ಟಿ ಔಷಧ ಬರೆದು ಕೊಡ್ರಿ ಸಾಹೇಬ್ರ’ ಎಂದು ಕೇಳುವುದರ ಹಿಂದಿನ ಲೆಕ್ಕವೂ ಚೀಟಿಯ ಅಂಕಿಗಳಲ್ಲಿ ಕಾಣುವುದಿಲ್ಲ, ಅದನ್ನು ಕೇಳಿಯೇ ತಿಳಿಯಬೇಕು.

ಕೆಲಸ ಮುಗಿದ ಮೇಲೆ ಫಲಿತಾಂಶವನ್ನು ಕಾಲೇಜಿನ ಕಪಾಟಿಗೆ ಮಾತ್ರ ಕೊಡಬೇಡಿ. ಚೀಟಿ ನೋಡಲು ಬಿಟ್ಟ ಆರೋಗ್ಯ ಕೇಂದ್ರದ ವೈದ್ಯರಿಗೆ, ಪುಸ್ತಕ ತೆರೆದು ತೋರಿಸಿದ ಅಂಗಡಿಯವರಿಗೆ ಒಂದು ಪುಟದ ಸಾರಾಂಶ ಮುಟ್ಟಿಸಿ. ಬಾಟಲಿ ಕಲಸಿ ತೋರಿಸಿದ ತಾಯಂದಿರಿಗೆ ಗುರುತು ಹಾಕಿದ ಒಂದು ಅಳತೆಯ ಲೋಟ ಮತ್ತು ಕನ್ನಡದ ಚಿತ್ರಹಾಳೆ ಕೊಡಲು ಪ್ರಸ್ತಾವನೆಯ ವೆಚ್ಚದ ಪಟ್ಟಿಯಲ್ಲೇ ಜಾಗವಿಟ್ಟುಕೊಳ್ಳಿ. ಪ್ರತಿವರ್ಷ ನವೆಂಬರ್ 18ರಿಂದ 24ರವರೆಗೆ ಪ್ರತಿರೋಧ ಜಾಗೃತಿ ಸಪ್ತಾಹ ನಡೆಯುತ್ತದೆ. ಆ ವಾರ ಅಂಗನವಾಡಿಯಲ್ಲಿ ತಾಯಂದಿರನ್ನು ಸೇರಿಸಿ ಈ ಹಾಳೆ ಹಂಚುವುದಕ್ಕೆ ಊರಿನ ಕನ್ನಡ ಸಂಘಗಳ ನೆರವನ್ನೂ ಕೇಳಬಹುದು.